ಸಣ್ಣ ಎಂಜಿನ್ನುಗಳ ಆಯಿಲ್: ಬದಲಿಸುವುದು ಯಾವಾಗ?

ಮಳೆಗಾಲ ಆರಂಭವಾಯಿತೆಂದರೆ ನಮ್ಮ ಹೈದರಾಬಾದಿನ ಮನೆಗಳಲ್ಲಿ ವರ್ಷವಿಡೀ ಮೂಲೆಗುಂಪಾಗಿದ್ದ ಕೆಲವು ಯಂತ್ರಗಳಿಗೆ ಮತ್ತೆ ಬೆಲೆ ಬರುತ್ತದೆ. ಸೆಲ್ಲಾರಿನ ನೀರನ್ನು ಹೊರಹಾಕುವ ಪೆಟ್ರೋಲ್ ಪಂಪು, ಕರೆಂಟು ಹೋದಾಗ ನೆರವಾಗುವ ಸಣ್ಣ ಜನರೇಟರು, ಅಂಗಳದ ಹುಲ್ಲು ಕತ್ತರಿಸುವ ಯಂತ್ರ, ಊರಿನಲ್ಲಿ ತೋಟ ಉಳಿಸಿಕೊಂಡವರ ಕಳೆ ಕೊಚ್ಚುವ ಯಂತ್ರ ಇವೆಲ್ಲದರ ಒಡಲಿನಲ್ಲಿರುವುದು ಗಾಳಿಯಿಂದ ತಂಪಾಗುವ, ಒಂದೇ ಸಿಲಿಂಡರಿನ ಪುಟ್ಟ ಎಂಜಿನ್ನು. ಕಾರಿಗೆ ವರ್ಷ ತಪ್ಪದೆ ಸರ್ವೀಸು ಮಾಡಿಸುವ ನಾವು, ಈ ಪುಟ್ಟ ಎಂಜಿನ್ನಿನೊಳಗೂ ಆಯಿಲ್ ಇದೆಯೆಂಬುದನ್ನೇ ಮರೆತಿರುತ್ತೇವೆ.

ಹಾಗೆ ಮರೆತವರಲ್ಲಿ ನಾವೂ ಸೇರಿದ್ದೇವೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಒಳಿತು. 2020ರ ಅಕ್ಟೋಬರ್ 13ರಂದು ಈ ನಗರದ ಮೇಲೆ ಸುರಿದ ಮಳೆಯನ್ನು ಓದುಗರು ಮರೆತಿರಲಾರರು. ಹೊರವಲಯದ ಕೆಲವೆಡೆ ಒಂದೇ ದಿನದಲ್ಲಿ 30 ಸೆಂಟಿಮೀಟರಿಗೂ ಮಿಕ್ಕಿ ಮಳೆಯಾಯಿತು. ನಾವಿರುವ ವಸತಿ ಸಮುಚ್ಚಯದ ಸೆಲ್ಲಾರಿನಲ್ಲಿ ನೀರು ಎದೆಮಟ್ಟಕ್ಕೆ ಬಂದಿತ್ತು. ಎಂದೋ ಕೊಂಡಿದ್ದ ಪೆಟ್ರೋಲ್ ಪಂಪನ್ನು ಹೊರತಂದೆವು. ನಾಲ್ಕನೆಯ ಎಳೆತಕ್ಕೆ ಅದು ಚಾಲೂ ಆದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ಗಂಟೆಯೂ ಕಳೆದಿರಲಿಲ್ಲ, ಒಳಗಿನಿಂದ ಕಲ್ಲು ಕುಟ್ಟಿದಂಥ ಸದ್ದು ಕೇಳಿ ಪಂಪು ನಿಂತಿತು. ವಿದ್ಯುತ್ ಮೀಟರುಗಳೆಲ್ಲ ಕೆಳಗೇ ಇದ್ದುದರಿಂದ ಮೂರು ದಿನ ಕರೆಂಟಿಲ್ಲ, ಮೇಲಿನ ಟ್ಯಾಂಕಿಗೆ ನೀರಿಲ್ಲ, ಲಿಫ್ಟಿಲ್ಲ. ನಾಲ್ಕನೆಯ ಮಹಡಿಯ ವೃದ್ಧ ದಂಪತಿಗೆ ಹುಡುಗರು ಕೊಡಗಳಲ್ಲಿ ನೀರು ಹೊತ್ತು ಕೊಟ್ಟರು. ಮುಂದಿನ ವಾರ ಮೆಕ್ಯಾನಿಕ್ ಬಂದು ಡ್ರೈನ್ ಬೋಲ್ಟು ಬಿಚ್ಚಿದಾಗ ಹೊರಬಂದದ್ದು ಡಾಂಬರಿನಂಥ ಕಪ್ಪು ದ್ರವ, ಅದೂ ಒಂದು ಚಹಾ ಲೋಟದಷ್ಟು. ಅಷ್ಟು ವರ್ಷಗಳಲ್ಲಿ ಅದರ ಆಯಿಲನ್ನು ಒಮ್ಮೆಯೂ ಯಾರೂ ಬದಲಿಸಿರಲಿಲ್ಲ.

ಕಾರಣ ಸರಳವಾದುದು. ಇಂಥ ಎಂಜಿನ್ನುಗಳಲ್ಲಿ ಹಿಡಿಸುವ ಆಯಿಲ್ ಬಹಳ ಕಡಿಮೆ. ಪಂಪು, ಜನರೇಟರುಗಳಲ್ಲಿ ಬಳಕೆಯಾಗುವ ಹೋಂಡಾ ಜಿಎಕ್ಸ್160 ಎಂಜಿನ್ನಿಗೆ ಸುಮಾರು 600 ಮಿಲಿಲೀಟರು ಸಾಕು; ಹೆಗಲಿಗೇರಿಸುವ ಬ್ರಷ್ ಕಟರುಗಳ ಜಿಎಕ್ಸ್35ಕ್ಕೆ 100 ಮಿಲಿಲೀಟರು, ಅಂದರೆ ಅರ್ಧ ಲೋಟ. ಕಾರಿನಲ್ಲಿ ಮೂರು ನಾಲ್ಕು ಲೀಟರು ಹಂಚಿಕೊಂಡು ಹೊರುವ ಕೊಳೆಯನ್ನು ಇಲ್ಲಿ ಅಷ್ಟೇ ಆಯಿಲ್ ಹೊರಬೇಕು. ಬಹುಪಾಲು ಸಣ್ಣ ಎಂಜಿನ್ನುಗಳಲ್ಲಿ ಆಯಿಲ್ ಫಿಲ್ಟರೂ ಇರುವುದಿಲ್ಲ. ಕನೆಕ್ಟಿಂಗ್ ರಾಡಿನ ತುದಿಯ ಒಂದು ಚಮಚದಂಥ ಭಾಗ ಆಯಿಲನ್ನು ಎರಚಾಡುತ್ತದೆ, ಅದೇ ಅದರ ನಯಗಾರಿಕೆ. ಸವೆದ ಲೋಹದ ಕಣ, ಮಸಿ, ಧೂಳು ಎಲ್ಲವೂ ಅದರಲ್ಲೇ ತೇಲುತ್ತಿರುತ್ತವೆ. ನಮ್ಮ ದೇಶದ 50 ಹರ್ಟ್ಸ್ ವಿದ್ಯುತ್ತನ್ನು ಕೊಡುವ ಸಾಮಾನ್ಯ ಸಣ್ಣ ಜನರೇಟರು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಕಾರಿನಂತೆ ಸಿಗ್ನಲಿನಲ್ಲಿ ನಿಂತು ಉಸಿರಾಡುವ ಅವಕಾಶ ಅದಕ್ಕಿಲ್ಲ.

ಹಾಗಾಗಿ ಇಲ್ಲಿ ಲೆಕ್ಕವಿಡಬೇಕಾದದ್ದು ಕಿಲೋಮೀಟರನ್ನಲ್ಲ, ಗಂಟೆಗಳನ್ನು. ಜಿಎಕ್ಸ್160ರ ವರ್ಗದ ಎಂಜಿನ್ನುಗಳಿಗೆ ತಯಾರಕರು ಹೇಳುವುದು ಹೀಗೆ: ಹೊಸತರಲ್ಲಿ ಮೊದಲ 20 ಗಂಟೆಗೆ ಅಥವಾ ಮೊದಲ ತಿಂಗಳಿಗೆ ಒಮ್ಮೆ, ಅಲ್ಲಿಂದ ಮುಂದೆ 100 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ, ಯಾವುದು ಮೊದಲೋ ಅದು. ಬ್ರಷ್ ಕಟರಿನ ಪುಟ್ಟ ಎಂಜಿನ್ನಿಗೆ ಮೊದಲು 10 ಗಂಟೆಗೆ, ಆಮೇಲೆ 50 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ. ಗಂಟೆಗೆ 40 ಕಿಲೋಮೀಟರಿನಂತೆ ಗುಣಿಸಿ ನೋಡಿದರೆ ಈ 50 ಗಂಟೆ ಕಾರಿನ 2000 ಕಿಲೋಮೀಟರಿಗೆ ಸಮ. ಮೊದಲ ಬದಲಾವಣೆಯನ್ನು ಅಷ್ಟು ಬೇಗ ಮಾಡುವುದೇಕೆಂದರೆ ಹೊಸ ಭಾಗಗಳು ಪರಸ್ಪರ ಹೊಂದಿಕೊಳ್ಳುವಾಗ ಉದುರುವ ಲೋಹದ ಪುಡಿ ಆಗಲೇ ಹೆಚ್ಚು. ಹೆಚ್ಚಿನವರು ತಪ್ಪಿಸುವುದೂ ಇದನ್ನೇ.

"ವರ್ಷದಲ್ಲಿ ಹತ್ತು ಗಂಟೆಯೂ ಓಡಿಸುವುದಿಲ್ಲ, ನಮಗೇಕೆ ಆರು ತಿಂಗಳ ಲೆಕ್ಕ?" ಎಂದು ಕೇಳುವವರಿದ್ದಾರೆ. ನಮ್ಮ ನಗರದ ನಿಜವಾದ ತೊಂದರೆ ಇರುವುದು ಇಲ್ಲಿಯೇ. 2012-13ರ ವಿದ್ಯುತ್ ಕಡಿತದ ದಿನಗಳಲ್ಲಿ ಕೊಂಡ ಜನರೇಟರುಗಳು, 2014ರ ನಂತರದ ವರ್ಷಗಳಲ್ಲಿ ಕಡಿತ ತಗ್ಗಿದಂತೆ ಬಾಲ್ಕನಿ ಸೇರಿದವು. ಎಂಜಿನ್ನು ಉರಿದಾಗ ಪೆಟ್ರೋಲಿನಿಂದ ನೀರಿನ ಆವಿಯೂ ಹುಟ್ಟುತ್ತದೆ. ಐದೇ ನಿಮಿಷ ಓಡಿಸಿ ನಿಲ್ಲಿಸಿದರೆ ಆಯಿಲ್ ಸಾಕಷ್ಟು ಬಿಸಿಯಾಗದೆ ಆ ತೇವ ಒಳಗೇ ಉಳಿಯುತ್ತದೆ, ಮಸಿಯೊಡನೆ ಸೇರಿ ಆಮ್ಲವಾಗಿ ಬೇರಿಂಗನ್ನು ತಿನ್ನುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಪರೀಕ್ಷೆಗೆಂದು ಓಡಿಸುವವರು ಒಂದೆರಡು ಫ್ಯಾನು, ದೀಪಗಳ ಭಾರ ಕೊಟ್ಟು ಅರ್ಧ ಗಂಟೆಯಾದರೂ ಓಡಿಸಬೇಕು. ಅದನ್ನು ಬಯಲಿನಲ್ಲಿಯೇ ಮಾಡಬೇಕು. ಮುಚ್ಚಿದ ಬಾಲ್ಕನಿಯಲ್ಲಾಗಲಿ ಸೆಲ್ಲಾರಿನಲ್ಲಾಗಲಿ ಓಡಿಸಿದರೆ ಹೊಗೆಯ ಕಾರ್ಬನ್ ಮಾನಾಕ್ಸೈಡು ವಾಸನೆಯಿಲ್ಲದೆಯೇ ಪ್ರಾಣ ತೆಗೆಯುತ್ತದೆ.

ಬೇಸಿಗೆಯ ಮಾತೂ ಇದೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಇಲ್ಲಿಯ ತಾಪಮಾನ 40 ಡಿಗ್ರಿ ದಾಟುವಾಗ, ಗಾಳಿಯನ್ನೇ ನಂಬಿದ ಎಂಜಿನ್ನಿಗೆ ತಂಪಾಗುವ ದಾರಿಯೇ ಕಡಿಮೆ. ಭಾರವೂ ಹೆಚ್ಚಿದ್ದರೆ, ಧೂಳಿನಲ್ಲಿ ಕೆಲಸವಿದ್ದರೆ, 100 ಗಂಟೆಯ ಗಡುವನ್ನು 50ಕ್ಕೆ ಇಳಿಸಿಕೊಳ್ಳುವುದು ನಮ್ಮ ಸಲಹೆ. ಯಾವ ದರ್ಜೆಯ ಆಯಿಲ್ ಎಂಬುದನ್ನು ಯಂತ್ರದ ಕೈಪಿಡಿ ಹೇಳುತ್ತದೆ. 10ಡಬ್ಲ್ಯು-30 ಸಾಮಾನ್ಯವಾಗಿ ಒಪ್ಪಿತವಾದುದು. ಆದರೆ ಕಡುಬಿಸಿಲಿನಲ್ಲಿ ಅದು ಬೇಗ ಖರ್ಚಾಗಬಹುದೆಂದು, ಅಂಥಲ್ಲಿ ಎಸ್‌ಎಇ 30 ಬಳಸಬಹುದೆಂದು ಕೆಲವು ತಯಾರಕರು ತಿಳಿಸುತ್ತಾರೆ. ಆಯಿಲ್ ಕಡಿಮೆಯಾದರೆ ಎಂಜಿನ್ನನ್ನು ತಾನೇ ನಿಲ್ಲಿಸುವ ಸಾಧನ ಕೆಲವು ಯಂತ್ರಗಳಲ್ಲಿದೆ. ಅದು ನೋಡುವುದು ಆಯಿಲಿನ ಮಟ್ಟವನ್ನು ಮಾತ್ರ, ಅದರ ಗುಣವನ್ನಲ್ಲ.

ಬಣ್ಣ ಕಪ್ಪಾದ ಮಾತ್ರಕ್ಕೆ ಆಯಿಲ್ ಕೆಟ್ಟಿತೆಂದಲ್ಲ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸವೇ. ಹೆದರಬೇಕಾದ ಲಕ್ಷಣಗಳು ಬೇರೆ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಇಳಿಯುವ ಬದಲು ಏರಿದ್ದರೆ, ಮೂಸಿದಾಗ ಪೆಟ್ರೋಲಿನ ವಾಸನೆ ಬಂದರೆ, ಕಾರ್ಬುರೇಟರಿನಿಂದ ಪೆಟ್ರೋಲ್ ಒಳಗೆ ಸೋರುತ್ತಿದೆ ಎಂದರ್ಥ. ಆಯಿಲ್ ಬದಲಿಸಿದರಷ್ಟೇ ಸಾಲದು, ಸೋರಿಕೆಯನ್ನೂ ಸರಿಪಡಿಸಬೇಕು, ಯಂತ್ರ ನಿಂತಾಗ ಪೆಟ್ರೋಲಿನ ನಲ್ಲಿಯನ್ನು ಮುಚ್ಚಬೇಕು. ಹಿಂದೆ ಸೀಮೆಎಣ್ಣೆಯಲ್ಲಿ ಓಡುತ್ತಿದ್ದ ಜನರೇಟರುಗಳಲ್ಲಿ ಈ ತೆಳುವಾಗುವ ಕಾಟ ಇನ್ನೂ ಹೆಚ್ಚಾಗಿತ್ತು. ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆ. ನೆರೆಯಲ್ಲಿ ಮುಳುಗಿದ ಯಂತ್ರವನ್ನು "ಒಣಗಿದೆಯಲ್ಲ" ಎಂದು ಹಗ್ಗ ಎಳೆಯಲೇಬಾರದು. ಮೊದಲು ಆಯಿಲ್, ಪೆಟ್ರೋಲ್ ಎರಡನ್ನೂ ಬಸಿದು, ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರಿನ ನೀರು ತೆಗೆಸಿ, ಹೊಸ ಆಯಿಲ್ ಹಾಕಿ ಸ್ವಲ್ಪ ಹೊತ್ತು ಓಡಿಸಿ, ಅದನ್ನೂ ಬಸಿದು ಇನ್ನೊಮ್ಮೆ ತುಂಬಬೇಕು. 2020ರಲ್ಲಿ ಈ ತಿಳಿವಳಿಕೆಯಿಲ್ಲದೆ ಕೆಟ್ಟ ಯಂತ್ರಗಳನ್ನು ನಾವು ಕಣ್ಣಾರೆ ಕಂಡೆವು.

ಶಿರಸಿಯ ಕಡೆ ಅಡಿಕೆ ತೋಟವಿರುವ ನಮ್ಮ ಬಂಧುಗಳೊಬ್ಬರು ತಮ್ಮ ಕಳೆ ಯಂತ್ರದ ಆಯಿಲನ್ನು ಎಲ್ಲಿಂದ ಬಸಿಯಬೇಕೆಂದು ಫೋನಿನಲ್ಲಿ ಕೇಳಿದರು. ಅವರದು ಟೂ-ಸ್ಟ್ರೋಕ್. ಅದರಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸುವುದರಿಂದ ಬಸಿಯುವ ಪ್ರಶ್ನೆಯೇ ಇಲ್ಲ. ಬೆರೆಸುವ ಪ್ರಮಾಣ ಮಾತ್ರ ತಪ್ಪಬಾರದು.

ಬದಲಿಸುವ ವಿಧಾನ ಮನೆಯಲ್ಲೇ ಆಗುವಂಥದು. ಐದು ನಿಮಿಷ ಓಡಿಸಿ ನಿಲ್ಲಿಸಿದರೆ ಆಯಿಲ್ ಬೆಚ್ಚಗಾಗಿ ಕೊಳೆಯೊಡನೆ ಚೆನ್ನಾಗಿ ಇಳಿಯುತ್ತದೆ. ಪ್ಲಗ್ಗಿನ ತಂತಿ ಕಳಚಿ, ಡ್ರೈನ್ ಬೋಲ್ಟು ಬಿಚ್ಚಿ, ವಾಷರ್ ಕಳೆಯದಂತೆ ನೋಡಿಕೊಳ್ಳಿ. ಯಂತ್ರವನ್ನು ಸಮತಟ್ಟಾದ ನೆಲದಲ್ಲಿಟ್ಟೇ ಮಟ್ಟ ನೋಡಬೇಕು. ಡಿಪ್‌ಸ್ಟಿಕ್ಕನ್ನು ಕೆಲವು ಯಂತ್ರಗಳಲ್ಲಿ ತಿರುಪದೆ ಇಳಿಸಿ ನೋಡಬೇಕು, ಕೆಲವುಗಳಲ್ಲಿ ತಿರುಪಿ. ಈ ವ್ಯತ್ಯಾಸ ತಿಳಿಯದೆ ಹೆಚ್ಚು ತುಂಬಿ, ಬಿಳಿ ಹೊಗೆ ಕಂಡು ಗಾಬರಿಯಾದವರುಂಟು. ವಾಷರು, ಬೋಲ್ಟುಗಳು ಸಿಕಂದರಾಬಾದಿನ ರಾಣಿಗಂಜಿನ ಅಂಗಡಿಗಳಲ್ಲಿ ದೊರೆಯುತ್ತವೆ. ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದು ಜಾಣತನ.

ಬಸಿದ ಆಯಿಲನ್ನು ಗೆದ್ದಲು ಬಾರದಿರಲೆಂದು ಬೇಲಿಯ ಗೂಟಗಳಿಗೆ ಬಳಿಯುವುದು ನಮ್ಮ ಊರುಗಳ ಹಳೆಯ ರೂಢಿ. ಆದರೆ ಅದರಲ್ಲಿ ಲೋಹದ ಅಂಶವಿದ್ದು ಮಣ್ಣಿಗೂ ಬಾವಿಗೂ ಇಳಿಯುತ್ತದೆ. ಚರಂಡಿಗೆ ಸುರಿದರೆ ಅದು ಮೂಸಿಯ ಪಾಲು. ಡಬ್ಬಿಯಲ್ಲಿ ತುಂಬಿಟ್ಟು, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಬಹುದು. ಬಳಸಿದ ಆಯಿಲನ್ನು ಮರಳಿ ಸಂಸ್ಕರಿಸುವ ಹೊಣೆಯನ್ನು 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಕರ ಮೇಲೂ ಕಾನೂನು ಹೊರಿಸಿದೆ.

ನಮ್ಮ ಸಮುಚ್ಚಯದ ಹೊಸ ಪಂಪಿನ ಟ್ಯಾಂಕಿನ ಮೇಲೆ ಈಗ ಒಂದು ಬಿಳಿ ಚೀಟಿ ಅಂಟಿಸಿದೆ. ಓಡಿಸಿದವರು ದಿನಾಂಕ ಮತ್ತು ಗಂಟೆ ಬರೆಯುತ್ತಾರೆ. ಜೂನ್ ಮೊದಲ ಭಾನುವಾರ ಮತ್ತು ಡಿಸೆಂಬರ್ ಮೊದಲ ಭಾನುವಾರ ಗಂಟೆ ಎಷ್ಟೇ ಆಗಿರಲಿ ಆಯಿಲ್ ಬದಲಾಗುತ್ತದೆ. ಬಸಿಯುವ ತಟ್ಟೆಯನ್ನು ಹಿಡಿಯುವವರು ನಾಲ್ಕನೆಯ ಮಹಡಿಯ ಆ ಹಿರಿಯರು.