ಆದಿಲ್‌ಶಾಹಿ ಚಿತ್ರಕಲೆಯಲ್ಲಿ ಯುರೋಪಿನ ವಿಷಯ ಮತ್ತು ವರ್ಣಸಾಮಗ್ರಿ

ವಿಜಯಪುರದ ಅಸರ್ ಮಹಲಿನ ಮೇಲಂತಸ್ತಿನ ಭಿತ್ತಿಚಿತ್ರಗಳು ಯುರೋಪಿನ ಕಲಾವಿದರ ಕೃತಿಗಳೆಂದು ಹೇಳುವುದುಂಟು. ಅಲ್ಲಿಯ ಸ್ತ್ರೀಯರ ನಿಲುವು, ಉಡುಪುಗಳ ರೀತಿ ಈ ಮಾತಿಗೆ ಆಧಾರ. ಆದರೆ ಚಿತ್ರದ ವಿಷಯ ಹಾಗೂ ಶೈಲಿಗಳಿಂದಷ್ಟೇ ಚಿತ್ರಕಾರನ ನಾಡನ್ನು ನಿರ್ಣಯಿಸಲಾಗದು. ಬಳಸಿದ ಸಾಮಗ್ರಿಯನ್ನೂ ಪರಿಶೀಲಿಸಬೇಕಾಗುತ್ತದೆ.

ಹದಿನೈದನೆಯ ಶತಮಾನದಿಂದ ಯುರೋಪಿನ ಕಲಾವಿದರು ಮರದ ಹಲಗೆ ಅಥವಾ ಬಟ್ಟೆಯ ಮೇಲೆ ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣಗಳನ್ನು ಹೆಚ್ಚಾಗಿ ಬಳಸತೊಡಗಿದರು. ಎಣ್ಣೆ ನಿಧಾನವಾಗಿ ಒಣಗುವುದರಿಂದ ಒಂದು ಛಾಯೆಯನ್ನು ಇನ್ನೊಂದರಲ್ಲಿ ಬೆರೆಸಲು, ತೆಳುಪದರಗಳನ್ನು ಒಂದರ ಮೇಲೊಂದು ಹಚ್ಚಲು ಸಾಧ್ಯವಾಯಿತು. ಮರಿಯಮ್ಮನ ಮುಖದ ಮೃದುತ್ವ, ಶಿಲುಬೆಯ ಸುತ್ತಲಿನ ಕತ್ತಲೆ ಈ ಗುಣದ ಫಲ. ದಖ್ಖನಿನ ಲಘುಚಿತ್ರಕಾರರಾದರೋ ಬಣ್ಣವನ್ನು ಅಂಟುನೀರಿನಲ್ಲಿ ಕಲಸಿ ಕಾಗದಕ್ಕೆ ಹಚ್ಚುತ್ತಿದ್ದರು. (ನಮ್ಮ ಭಾಗದಲ್ಲಿ ಅಗಸಿ ಹಿಂಡಿಯಾಗಿ ಊಟದ ತಾಟಿಗೆ ಬಂದಿತೇ ಹೊರತು ಈ ಚಿತ್ರಶಾಲೆಗಳನ್ನು ಹೊಗಲಿಲ್ಲ.) ಮರಿಯಮ್ಮನ ಮೇಲುಡುಪಿನ ಅಮೂಲ್ಯ ನೀಲಿ ಅಫಘಾನಿಸ್ತಾನದ ಬದಖ್ಶಾನಿನ ಲಾಜವರ್ದ ಕಲ್ಲಿನದು. ಅದೇ ಕಲ್ಲಿನ ನೀಲಿ ಭಾರತದ ಚಿತ್ರಕಾರರಿಗೂ ಪರಿಚಿತ. ಬಣ್ಣ ಒಂದೇ ಆದರೂ ಅದನ್ನು ಹಿಡಿದಿಡುವ ಬಂಧಕ ಬೇರೆ.

1510ರವರೆಗೆ ಗೋವೆ ವಿಜಾಪುರದ ಅಧೀನದಲ್ಲಿತ್ತು. ಬಳಿಕ ಪೋರ್ಚುಗೀಸರ ಗೋವೆಯ ಮೂಲಕ ಕ್ರೈಸ್ತ ಚಿತ್ರಗಳು ಒಳನಾಡಿಗೆ ಬಂದವು. ಅವುಗಳಲ್ಲಿ ಸುಲಭವಾಗಿ ಸಾಗಿಸಬಹುದಾದವು ತಾಮ್ರಫಲಕದಿಂದ ಅಚ್ಚಾದ ಹಾಳೆಗಳು. ಅವುಗಳಲ್ಲಿ ಕಪ್ಪು ಗೆರೆಗಳ ಹೊರತು ವರ್ಣವಿಲ್ಲ. ಎಂದರೆ ವಿಷಯ ಬಂದಿತು, ಬಣ್ಣ ಬರಲಿಲ್ಲ. ಅದನ್ನು ಇಲ್ಲಿಯವರೇ ತುಂಬಬೇಕಾಯಿತು. ವಿಜಾಪುರದಲ್ಲಿಯೂ ಇದ್ದನೆಂದು ವಿದ್ವಾಂಸರು ಗುರುತಿಸುವ ಫರ್ರುಖ್ ಬೇಗ್, ಮೊಘಲ ಆಸ್ಥಾನಕ್ಕೆ ಮರಳಿದ ಮೇಲೆ 1615ರಲ್ಲಿ ಒಬ್ಬ ವೃದ್ಧನ ಚಿತ್ರ ಬರೆದನು. ಸಂತ ಜೆರೋಮನದೆಂದು ಹೆಸರಾದ ಈ ಚಿತ್ರಕ್ಕೆ ಮಾರ್ಟೆನ್ ಡಿ ವೋಸನ ವಿನ್ಯಾಸದಿಂದ ರಫಾಯೆಲ್ ಸಾಡೆಲರ್ ಕೆತ್ತಿದ ಅಚ್ಚು ಮಾದರಿ. ಮೂಲದ ಭಂಗಿ ಉಳಿದಿದೆ. ವರ್ಣವೈಭವ ಮಾತ್ರ ಪೂರ್ತಿ ಇಲ್ಲಿಯದು.

ಎಣ್ಣೆವರ್ಣ ಬಲ್ಲ ಕಲಾವಿದನೇ ಇಲ್ಲಿಗೆ ಬಂದ ನಿದರ್ಶನವೂ ಇದೆ. ಹಾರ್ಲೆಮಿನ ಕೊರ್ನೆಲಿಸ್ ಹೆಡಾ 1610ರ ಸುಮಾರಿಗೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯಕ್ಕೆ ಬಂದನು. ತಿಕೋಟಾ ಮಾರ್ಗದ ತೊರವಿಯ ಬಳಿ ಸುಲ್ತಾನನು ಕಟ್ಟಿಸಿದ ನವರಸಪುರ ಅರಳಿದ್ದ ಕಾಲವದು. ಸುಲ್ತಾನನಿಗೆ ಹೆಡಾ ಬರೆದುಕೊಟ್ಟದ್ದು ಕ್ರಿಸ್ತನ ಚಿತ್ರವಲ್ಲ, ವೀನಸ್, ಬ್ಯಾಕಸ್ ಮತ್ತು ಕ್ಯುಪಿಡರ ಚಿತ್ರ! ಅವನು ಇಲ್ಲಿ ರಚಿಸಿದ ಯಾವ ಕೃತಿಯೂ ಇಂದು ದೊರೆತಿಲ್ಲ.

ಆದ್ದರಿಂದ ಹೋಲಿಕೆಗೆ ಉಳಿದಿರುವುದು ಗೋಡೆಗಳೇ. 1636ರಲ್ಲಿ ಅಲಂಕೃತವಾದ ಜಾಮಿ ಮಸೀದಿಯ ಮಿಹರಾಬಿನಲ್ಲಿ ಗೂಡುಗಳಲ್ಲಿಟ್ಟ ಗ್ರಂಥಗಳು ನಿಜವೆಂಬಂತೆ ಚಿತ್ರಿತವಾಗಿವೆ, ಮನುಷ್ಯಾಕೃತಿ ಇಲ್ಲ. ಅಸರ್ ಮಹಲಿನ ಆಕೃತಿಗಳು ವಿರೂಪಗೊಂಡಿವೆ. ಕುಮಟಗಿಯ ವಿಹಾರಮಂಟಪದ ಚಿತ್ರಗಳನ್ನು ಹೆನ್ರಿ ಕಸಿನ್ಸ್ 1916ರ ತಮ್ಮ ಗ್ರಂಥದಲ್ಲಿ ವರ್ಣಿಸಿದ್ದಾರೆ. ಅವು ಈಗ ಬಹುಮಟ್ಟಿಗೆ ಮಾಸಿವೆ. ಈ ಗಾರೆಯಲ್ಲಿರುವುದು ಅಂಟೋ ಎಣ್ಣೆಯೋ ಎಂಬುದನ್ನು ಸಾಸಿವೆಕಾಳಿನಷ್ಟು ಚಕ್ಕೆಯ ರಾಸಾಯನಿಕ ಪರೀಕ್ಷೆ ತಿಳಿಸಬಲ್ಲದು. ಮೊದಲು ಕುಮಟಗಿಯಿಂದಲೇ ಆರಂಭಿಸುವುದು ಯುಕ್ತ. ಅಲ್ಲಿ ಪರೀಕ್ಷೆಗೆ ಉಳಿದಿರುವ ಬಣ್ಣವೇ ಕಡಿಮೆ.