ಮನೆ ಖಾಲಿ ಮಾಡುವಾಗ ದಾಸವಾಳವನ್ನೂ ಕರೆದೊಯ್ಯಿರಿ

ಮುಂಬಯಿ, ಪುಣೆಗಳಲ್ಲಿ ಹಳೆಯ ಸೊಸೈಟಿಗಳು ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಸಾಮಾನು ಸಾಗಿಸಲು ಟೆಂಪೊ ಗೊತ್ತು ಮಾಡುತ್ತೇವೆ. ಆದರೆ ವರ್ಷಗಟ್ಟಲೆ ಪೂಜೆಗೆ ಹೂ ಕೊಟ್ಟ ದಾಸವಾಳ, ನಂದಿಬಟ್ಟಲು, ಮಲ್ಲಿಗೆಗಳನ್ನು ಜೆಸಿಬಿಗೆ ಬಿಟ್ಟು ಬರುತ್ತೇವೆ. ಅಷ್ಟು ಬಲಿತ ಗಿಡ ಬೇರೆ ಕಡೆ ಬದುಕೀತೇ ಎಂಬ ಅನುಮಾನ. ಬದುಕುತ್ತದೆ, ಆದರೆ ಒಂದೂವರೆ ತಿಂಗಳು ಮೊದಲೇ ತಯಾರಿ ಬೇಕು.

ಮಣ್ಣಿನಿಂದ ನೀರು ಹೀರುವುದು ಮುಖ್ಯವಾಗಿ ತುದಿಯ ಎಳೆ ಬೇರುಗಳು. ಬಲಿತ ಗಿಡದಲ್ಲಿ ಅವು ಬುಡದಿಂದ ಬಹು ದೂರ ಹರಡಿರುತ್ತವೆ. ಒಮ್ಮೆಲೇ ಅಗೆದು ಕಿತ್ತರೆ ಅವೆಲ್ಲ ನೆಲದಲ್ಲೇ ಉಳಿದು ಗಿಡ ಬಾಡುತ್ತದೆ. ಹಾಗಾಗಿ ಬುಡದ ಹತ್ತಿರವೇ ಹೊಸ ಬೇರು ಬರಿಸಿಕೊಳ್ಳಬೇಕು.

ಯಾವಾಗ?

ಮುಂಬಯಿ, ಪುಣೆ, ಹೈದರಾಬಾದಿನಲ್ಲಿ ಮುಂಗಾರು ಚೆನ್ನಾಗಿ ಹಿಡಿದ ಮೇಲೆ, ಜುಲೈ–ಆಗಸ್ಟ್. ಚೆನ್ನೈಗೆ ಹೆಚ್ಚು ಮಳೆ ತರುವುದು ಹಿಂಗಾರು, ಆದ್ದರಿಂದ ಅಲ್ಲಿ ಅಕ್ಟೋಬರ್. ದೆಹಲಿಯಲ್ಲಿ ಜುಲೈ–ಆಗಸ್ಟ್, ಅಲ್ಲಿನ ಚಳಿಯಲ್ಲಿ ಗುಲಾಬಿಯನ್ನು ಕಿತ್ತು ನೆಡಬಹುದು, ದಾಸವಾಳವನ್ನು ಬೇಡ. ಎಲ್ಲೇ ಆಗಲಿ, ಸುಡು ಬೇಸಿಗೆಯಲ್ಲಿ ಕೈಹಾಕಬೇಡಿ.

ಹೇಗೆ?

ಕಾಂಡದ ದಪ್ಪದ ಹತ್ತು ಪಟ್ಟು ಅಗಲದ ವೃತ್ತವನ್ನು ಬುಡದ ಸುತ್ತ ಗುರುತಿಸಿ. ಕಾಂಡ 5 ಸೆಂ.ಮೀ. ದಪ್ಪವಿದ್ದರೆ ವೃತ್ತ 50 ಸೆಂ.ಮೀ. ಅಗಲ. ಆ ಗೆರೆಯ ಮೇಲೆ ಸುಮಾರು 30 ಸೆಂ.ಮೀ. ಆಳದ ಕಿರಿದಾದ ಕಾಲುವೆ ತೋಡಿ, ಅಡ್ಡ ಬಂದ ಬೇರುಗಳನ್ನು ಹರಿತ ಕತ್ತರಿಯಿಂದ ಕತ್ತರಿಸಿ. ಮೊದಲು ಅರ್ಧ ವೃತ್ತ, ಮೂರು ವಾರ ಬಿಟ್ಟು ಉಳಿದರ್ಧ. ಕಾಲುವೆಗೆ ಮಣ್ಣು ಮತ್ತು ಕಾಂಪೋಸ್ಟ್ ತುಂಬಿ, ತೇವ ಆರದಂತೆ ನೋಡಿಕೊಳ್ಳಿ. ಕತ್ತರಿಸಿದ ತುದಿಗಳಲ್ಲಿ ಹೊಸ ಬೇರು ಒಡೆಯುತ್ತದೆ.

ಇನ್ನೊಂದು ಮೂರು ವಾರ ಕಳೆದ ಮೇಲೆ ಗಿಡ ಎಬ್ಬಿಸಬಹುದು. ಹಿಂದಿನ ದಿನ ಚೆನ್ನಾಗಿ ನೀರುಣಿಸಿ, ಕೊಂಬೆಗಳಲ್ಲಿ ಮೂರರಲ್ಲೊಂದು ಭಾಗ ಸವರಿ. ಸಂಜೆ ಹೊತ್ತು, ಕಾಲುವೆಯ ಹೊರ ಅಂಚಿನಿಂದ ಅಗೆದು, ಅಡಿಯಲ್ಲಿ ಗೋಣಿಚೀಲ ತೂರಿಸಿ, ಮಣ್ಣಿನ ಗಡ್ಡೆ ಒಡೆಯದಂತೆ ಹಗ್ಗದಿಂದ ಕಟ್ಟಿ. ಗಡ್ಡೆ ಐವತ್ತು ಕಿಲೋ ಮೀರಬಹುದು. ಮಾಲಿಯ ಜೊತೆ ಇನ್ನೊಬ್ಬರಿರಲಿ. ಕಾಂಡ ಹಿಡಿದು ಎತ್ತಬೇಡಿ.

ಹೊಸ ಗುಂಡಿಯನ್ನು ಮೊದಲೇ ತೋಡಿಡಿ: ಅಗಲ ಗಡ್ಡೆಯ ಎರಡು ಪಟ್ಟು, ಆಳ ಗಡ್ಡೆಯಷ್ಟೇ. ಬುಡ ಮೊದಲಿದ್ದ ಮಟ್ಟಕ್ಕಿಂತ ಕೆಳಗೆ ಹೂಳಬಾರದು. ನೀರು ಹಾಕಿ ಮಣ್ಣು ಕೂರಿಸಿ, ಎರಡು ವಾರ ಬಿಸಿಲಿಗೆ ಮರೆ ಕಟ್ಟಿ. ಹೊಸ ಚಿಗುರು ಬರುವವರೆಗೆ ರಾಸಾಯನಿಕ ಗೊಬ್ಬರ ಬೇಡ. ಎಲೆ ಉದುರಿದರೆ ಗಾಬರಿಯಾಗಬೇಡಿ. ತೊಗಟೆಯನ್ನು ಉಗುರಿನಿಂದ ಕೆರೆದಾಗ ಹಸಿರು ಕಂಡರೆ ಗಿಡಕ್ಕೆ ಜೀವವಿದೆ.

ಹೊಸ ಫ್ಲ್ಯಾಟಿನಲ್ಲಿ ನೆಲವೇ ಇಲ್ಲವೇ? ಸವರಿದ ಕೊಂಬೆಗಳನ್ನು ಎಸೆಯಬೇಡಿ. ಪೆನ್ಸಿಲ್ ದಪ್ಪದ, ಗೇಣುದ್ದದ ದಾಸವಾಳದ ಕಡ್ಡಿಗಳು ಮಳೆಗಾಲದಲ್ಲಿ ಕುಂಡದಲ್ಲೇ ಬೇರು ಬಿಡುತ್ತವೆ. ದೊಡ್ಡ ಗಿಡವನ್ನು ಹತ್ತಿರದ ದೇವಸ್ಥಾನಕ್ಕೋ ಶಾಲೆಗೋ ಕೇಳಿ ಕೊಡಬಹುದು.

ಒಂದು ಎಚ್ಚರಿಕೆ: ಪಾರಿಜಾತದಂಥವು ಬೆಳೆದು ಕಾನೂನಿನ ಕಣ್ಣಿಗೆ ಮರವೇ ಆಗಿರಬಹುದು. ದೆಹಲಿಯ 1994ರ ಕಾಯಿದೆಯಲ್ಲಿ, ನೆಲದಿಂದ 30 ಸೆಂ.ಮೀ. ಮೇಲೆ ಕಾಂಡ 5 ಸೆಂ.ಮೀ. ದಪ್ಪವಿದ್ದು ಗಿಡ ಒಂದು ಮೀಟರ್ ಎತ್ತರವಿದ್ದರೆ ಅದು ಮರ. ಮಹಾರಾಷ್ಟ್ರದ ನಗರಗಳಿಗೂ 1975ರ ಕಾಯಿದೆಯಿದೆ. ಮುಟ್ಟುವ ಮೊದಲು ಅನುಮತಿ ಬೇಕೇ ಎಂದು ಪಾಲಿಕೆಯಲ್ಲಿ ವಿಚಾರಿಸಿ.

ಮನೆ ಖಾಲಿ ಮಾಡುವ ತಾರೀಕು ಸೊಸೈಟಿ ಮೀಟಿಂಗಿನಲ್ಲಿ ಚರ್ಚೆಗೆ ಬಂದ ದಿನವೇ ಗಿಡಗಳ ಮಾತನ್ನೂ ಎತ್ತಿ. ತಾರೀಕು ಮೇ ತಿಂಗಳಿಗೆ ಬಿದ್ದರೆ, ಹೂಗಿಡಗಳಿರುವ ಆ ಅಂಚನ್ನು ಜುಲೈವರೆಗೆ ಮುಟ್ಟಬಾರದೆಂದು ಬಿಲ್ಡರಿಂದ ಬರೆಸಿಕೊಳ್ಳಿ.