ಅಲ್ಲಮನಿಗೆ ಎರಡು ಕಥೆ: ಯಾವುದು ಸರಿ?

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮಪ್ರಭುವಿನ ಊರೆಂದು ನಮ್ಮ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಅವನ ಕಥೆ ಹೇಳಿ ಎಂದಾಗ ಮಾತ್ರ ತೊಡಕು. ಏಕೆಂದರೆ ಕವಿಗಳೇ ಅದನ್ನು ಎರಡು ಬಗೆಯಾಗಿ ಹೇಳಿದ್ದಾರೆ.

ಹರಿಹರನ ರಗಳೆಯಲ್ಲಿ ಅಲ್ಲಮ ಮದ್ದಳೆ ಬಾರಿಸುವ ತರುಣ. ಕಮಲತೆ ಎಂಬ ಚೆಲುವೆಯನ್ನು ಮೆಚ್ಚಿ ಅವಳೊಡನೆ ಸುಖವಾಗಿರುತ್ತಾನೆ. ಆಕೆ ಜ್ವರ ಬಂದು ತೀರಿಹೋಗುತ್ತಾಳೆ. ಹುಚ್ಚನಂತೆ ಅಲೆದು ಒಂದು ತೋಟದಲ್ಲಿ ಕುಳಿತವನು ಕಾಲುಗುರಿನಿಂದ ನೆಲ ಕೆದಕುವಾಗ ಚಿನ್ನದ ಕಳಸ ಕಾಣುತ್ತದೆ. ಅಗೆಸಿದರೆ ಗುಡಿ, ಒಳಗೆ ಅನಿಮಿಷಯ್ಯ. ಅವನ ಕೈಯಿಂದ ಅಲ್ಲಮನಿಗೆ ಲಿಂಗ ದೊರೆಯುತ್ತದೆ.

15ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಈ ಕಮಲತೆಯೇ ಇಲ್ಲ. ಕಥೆ ನಡೆಯುವುದು ಸೊರಬದ ಗಡಿ ದಾಟಿದರೆ ಸಿಗುವ ಬನವಾಸಿಯಲ್ಲಿ. ಮಧುಕೇಶ್ವರನ ಗುಡಿಯಲ್ಲಿ ಅಲ್ಲಮನ ಮದ್ದಳೆಗೆ ರಾಜಕುಮಾರಿ ಮಾಯೆ ಕುಣಿಯುತ್ತಾಳೆ, ಮನಸೋಲುತ್ತಾಳೆ. ಹಿಡಿಯಹೋದರೆ ಅವನು ಕೈಗೆ ಸಿಗುವುದಿಲ್ಲ.

‘ಪರೀಕ್ಷೆಗೆ ಯಾವುದನ್ನು ಬರೆಯಬೇಕು?’ ಎಂದು ಮಕ್ಕಳೂ ಕೇಳುತ್ತಾರೆ, ಪಾಲಕರೂ ಕೇಳುತ್ತಾರೆ. ನಾನು ವಿಜ್ಞಾನದ ಮೇಷ್ಟ್ರು, ಕಾವ್ಯದ ಉಸಾಬರಿ ನನಗೇಕೆ ಎನ್ನಬಹುದು. ಆದರೆ ಕಣ್ಣೆದುರಿಗಿರುವುದನ್ನು ಮೊದಲು ನೋಡು ಎನ್ನುವುದು ಪ್ರಯೋಗಶಾಲೆಯ ಪಾಠವೇ ಅಲ್ಲವೆ?

ಹೆಸರುಗಳನ್ನೇ ನೋಡಿ. ಚಾಮರಸನಲ್ಲಿ ಮಾಯೆಯ ತಂದೆ ಮಮಕಾರ. ಅಲ್ಲಮನ ತಂದೆ ನಿರಹಂಕಾರ, ತಾಯಿ ಸುಜ್ಞಾನಿ. ಯಾವ ಊರಿನಲ್ಲಿ ಯಾರು ಹೀಗೆ ಹೆಸರಿಡುತ್ತಾರೆ? ಕವಿ ಬೀಗದ ಕೈಯನ್ನು ಬಾಗಿಲಲ್ಲೇ ತೂಗುಹಾಕಿದ್ದಾನೆ. ಇಲ್ಲಿ ಸೆಣಸುತ್ತಿರುವುದು ಗುಣಗಳು. ಯಾವ ಅಂಟೂ ಇಲ್ಲದವನೇ ಅವನ ಅಲ್ಲಮ. ಅಂಥವನು ಹೆಣ್ಣೊಬ್ಬಳ ಸಾವಿಗೆ ಅತ್ತರೆ ಇಡೀ ಕಾವ್ಯ ಕುಸಿಯುತ್ತದೆ. ಹಾಗಾಗಿ ಅಲ್ಲಿ ಕಮಲತೆಗೆ ಜಾಗವಿಲ್ಲ.

ಹರಿಹರನಲ್ಲಿ ಜ್ವರ ನಮ್ಮ ನಿಮ್ಮ ಮನೆಗಳಿಗೆ ಬರುವ ಜ್ವರ. ಆ ಸಾವನ್ನು ತೆಗೆದುಹಾಕಿ ಓದಿ ನೋಡಿ: ತೋಟದಲ್ಲಿ ಅವನು ಸುಮ್ಮನೆ ನೆಲ ಕೆದಕುತ್ತ ಕೂರಲು ಕಾರಣವೇ ಉಳಿಯದು, ಕಳಸ ಬರೀ ನಿಧಿಯಾಗಿಬಿಡುತ್ತದೆ.

‘ಅಲ್ಲಮನು ಮಾಯೆಯನ್ನು ಗೆದ್ದು ಲಿಂಗ ಪಡೆದನು’ ಎಂದು ಎರಡೂ ಕಥೆಗಳನ್ನು ಒಂದೇ ಸಾಲಿಗೆ ಕಲಸಿದ ಸಾರಾಂಶ ಬಾಯಿಪಾಠ ಮಾಡಿದ ಹುಡುಗನಿಗೆ ಅಂಕ ಸಿಕ್ಕೀತು, ಅಲ್ಲಮ ಸಿಗುವುದಿಲ್ಲ. ಪಾಲಕರು ಮನೆಯಲ್ಲಿ ಒಂದು ಪ್ರಶ್ನೆ ಕೇಳಿದರೆ ಸಾಕು: ‘ಈ ಪಾತ್ರವನ್ನು ತೆಗೆದರೆ ಕಥೆ ಏನಾಗುತ್ತದಪ್ಪ?’

ಇದೇ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿಯನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಿ. ಆಕೆ ಷರತ್ತು ಹಾಕಿ ಕೌಶಿಕನನ್ನು ಮದುವೆಯಾದಳೆಂದು ಹರಿಹರ ಹೇಳಿದರೆ, ಮದುವೆಯೇ ಆಗಲಿಲ್ಲವೆನ್ನುತ್ತಾನೆ ಚಾಮರಸ. ಏಕಿರಬಹುದು?